ಕೊಕ್ಕರೆ ಪಂಡಿತ ನೋಡದ ಗಂಟು

ಒಂದು ಕಾಡಿನ ನಡುವೆ ಕೆರೆಯೊಂದಿತ್ತು. ಅದರ ದಡದಲ್ಲಿ ಕೊಕ್ಕರೆ ಪಂಡಿತ ವೈದ್ಯವೃತ್ತಿ ಮಾಡಿಕೊಂಡಿದ್ದ. ನೋವೆಂದು ಬಂದವರು ಹಸಿ ಜೇಡಿಮಣ್ಣಿನ ಮೇಲೆ ಮಲಗಿ ಏಳಬೇಕು. ಮೈಯಲ್ಲಿ ಗಂಟಿದ್ದರೆ ಮಣ್ಣಿನಲ್ಲಿ ಕುಳಿ ಬೀಳುತ್ತಿತ್ತು. ಆ ಅಚ್ಚು ನೋಡಿ ಪಂಡಿತ ರೋಗ ಹೇಳುತ್ತಿದ್ದ. ಗಂಟು ಚಿಕ್ಕದಾಗಿದ್ದರೆ ಕರಡಿಯಜ್ಜಿಯ ಬೇರಿನ ಮದ್ದಿಗೆ ಕರಗುತ್ತಿತ್ತು. ಬಲಿತ ಮೇಲೆ ಯಾವ ಮದ್ದೂ ನಾಟುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಬೆಳ್ಳಕ್ಕ ಎಂಬ ಕಡವೆ ತನ್ನ ಎಳೆಮರಿಯೊಂದಿಗೆ ಬಂದಳು.

"ಪಕ್ಕೆಯಲ್ಲಿ ಏನೋ ಚುಚ್ಚಿದ ಹಾಗಾಗುತ್ತೆ, ಪಂಡಿತರೇ."

ಅವಳು ಮಲಗಿ ಎದ್ದಳು. ಪಂಡಿತ ಒಂಟಿಕಾಲಲ್ಲಿ ನಿಂತು ತಲೆಯಾಡಿಸಿದ. ಅಬ್ಬಾ, ಎಂಥ ಧ್ಯಾನ!

"ಏನೂ ಇಲ್ಲ ಕಣಮ್ಮ. ಎಳೆ ಹುಲ್ಲು ತಿನ್ನು, ಚೆನ್ನಾಗಿ ನಿದ್ದೆ ಮಾಡು."

ಪಂಡಿತರೇ ಹೇಳಿದ ಮೇಲೆ ಇನ್ನೇನು? ಬೆಳ್ಳಕ್ಕ ನಿಶ್ಚಿಂತೆಯಿಂದ ಹೋದಳು. ಆಮೇಲೆ ನೋವು ಬಂದಾಗಲೆಲ್ಲ, 'ಇಲ್ಲದ ರೋಗ ಹುಡುಕುತ್ತೀಯಲ್ಲೇ' ಎಂದು ತನ್ನನ್ನೇ ಬೈದುಕೊಂಡಳು.

ಮುಂದಿನ ಬೇಸಿಗೆಗೆ ಅವಳ ಪಕ್ಕೆಯ ಗಂಟು ಬೇಲದ ಹಣ್ಣಿನಷ್ಟಾಯಿತು. ಕರಡಿಯಜ್ಜಿ ಮುಟ್ಟಿ ನೋಡಿ ಕಣ್ಣೀರಿಟ್ಟಳು. "ತಡವಾಯ್ತಲ್ಲೇ ಮಗಳೇ! ಈಗ ನನ್ನ ಕೈಲಾಗದು." ಬೆಳ್ಳಕ್ಕನಿಗೆ ಸಿಡಿಲು ಬಡಿದಂತಾಯಿತು. ಮರಿಗೆ ಹುಲಿಯ ವಾಸನೆ ಹಿಡಿಯಲೂ ಇನ್ನೂ ಬರುತ್ತಿರಲಿಲ್ಲ.

ದೂರು ಕಾಡಿನ ನ್ಯಾಯ ಹೇಳುವ ಹಿರಿಯಾನೆಯ ಬಳಿಗೆ ಹೋಯಿತು. ಕೊಕ್ಕರೆ ಒಂದಿಷ್ಟೂ ಅಳುಕಲಿಲ್ಲ.

"ಆಗ ಅದು ಕಾಣುತ್ತಲೇ ಇರಲಿಲ್ಲ, ಸ್ವಾಮಿ! ಈಗ ಊದಿಕೊಂಡ ಮೇಲೆ ಯಾರು ಬೇಕಾದರೂ ಹೇಳ್ತಾರೆ."

ಹೌದೇನೋ ಎಂದು ಬೆಳ್ಳಕ್ಕನಿಗೂ ಅನಿಸಿತು. ಪಾಪ, ಅವಳು ಅಷ್ಟು ಒಳ್ಳೆಯವಳು.

"ಅದೂ ಸರಿಯೇ," ಎಂದಿತು ಆನೆ. "ಆದರೂ ನಿಮ್ಮ ವಿದ್ಯೆಯ ಮೇಲೆ ಕೆಲವರಿಗೆ ಅನುಮಾನ ಬಂದಿದೆ. ಇಗೋ, ಈ ಮರದಡಿ ಹಲವು ಕೆರೆದಡಗಳಿಂದ ಎತ್ತಿ ಇಟ್ಟ ಒಣಗಿದ ಅಚ್ಚುಗಳಿವೆ. ಎಲ್ಲವೂ ಮದ್ದಿಲ್ಲದೆ ಮನೆಗೆ ಕಳಿಸಿದ ಹೆಣ್ಣು ಕಡವೆಗಳದೇ. ಯಾರ್ಯಾರದೆಂದು ಹೇಳುವುದಿಲ್ಲ. ನೋಡಿ ಹೇಳಿ."

ಕೊಕ್ಕರೆ ಉಬ್ಬಿಹೋಯಿತು. ಕತ್ತು ಬಗ್ಗಿಸಿ ಒಂದೊಂದನ್ನೇ ನೋಡುತ್ತಾ ಹೋಯಿತು. ಥಟ್ಟನೆ ಒಂದರ ಮುಂದೆ ನಿಂತಿತು.

"ಇಲ್ಲಿ ನೋಡಿ! ಪಕ್ಕೆಯ ಹತ್ತಿರ ಹುಣಸೆಬೀಜದಷ್ಟು ಕುಳಿ. ಕುರುಡನಿಗೂ ಕಾಣುತ್ತೆ! ಇವಳನ್ನು ಅಂದೇ ಕರಡಿಯ ಹತ್ತಿರ ಕಳಿಸಬೇಕಿತ್ತು. ಸುಮ್ಮನೆ ಮನೆಗೆ ಕಳಿಸಿದ ಮೂರ್ಖ ಯಾರು?"

"ನೀವೇ," ಎಂದಿತು ಆನೆ. "ಅದು ಹೋದ ಬೇಸಿಗೆಯ ಬೆಳ್ಳಕ್ಕನ ಅಚ್ಚು."

ಬೆಳ್ಳಕ್ಕ ಕೊಕ್ಕರೆಯ ಮುಂದೆ ಬಂದು ನಿಂತಳು. ಕಾಣದೆ ತಪ್ಪಾಗಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. ಇದು ಕಾಣುತ್ತಿತ್ತು!

"ಹಾಗಾದರೆ ಅಂದು ನೀವು ಏನನ್ನು ನೋಡ್ತಿದ್ದಿರಿ, ಪಂಡಿತರೇ?"

"ಕೆರೆಯಲ್ಲಿ... ಮೀನು ಬಂದಿತ್ತಮ್ಮ," ಎಂದು ಕೊಕ್ಕರೆ ತೊದಲಿತು. "ತಪ್ಪಾಯ್ತು. ಕ್ಷಮಿಸಿಬಿಡು."

"ಕ್ಷಮಿಸಿದರೆ ಇದು ಕರಗುತ್ತಾ?"

ಆನೆ ಕೊಕ್ಕರೆಯನ್ನು ಕೆರೆಯಿಂದಲೇ ಓಡಿಸಿತು. ಮರಿಯನ್ನು ಸಾಕುವ ಹೊಣೆಯನ್ನು ಇಡೀ ಕಡವೆ ಹಿಂಡು ಹೊತ್ತಿತು. ಬೆಳ್ಳಕ್ಕ ಎಲ್ಲರಿಗೂ ತಲೆಬಾಗಿ ಮರಿಯನ್ನು ಕರೆದಳು.

"ಬಾ ಕಂದ. ಗಾಳಿ ಈ ಕಡೆಯಿಂದ ಬೀಸ್ತಿದೆ. ಹುಲಿಯ ವಾಸನೆ ಹಿಡಿಯೋದು ಹೇಗೆ ಅಂತ ಇವತ್ತೇ ಕಲಿತುಬಿಡು."

ನೀತಿ: ನಂಬಿ ಬಂದವರನ್ನು ಸರಿಯಾಗಿ ನೋಡದೆ 'ಏನೂ ಇಲ್ಲ' ಎನ್ನುವುದು ಅವರ ಪ್ರಾಣಕ್ಕೇ ಮಾಡುವ ಮೋಸ.