ಮನೆಗೆ ಮರಳುವ ಸರ್ವರ್

ಕೂತಲ್ಲಿಂದಲೇ ದೂರದ ಸರ್ವರ್ ಮೇಲೆ ದರ್ಬಾರು ನಡೆಸುವ ಪೈಥಾನ್ ಸ್ಕ್ರಿಪ್ಟ್ ಒಂದಿತ್ತು. ಅಪ್ಪಣೆ ಕೊಡುವುದರಲ್ಲಿ ಎತ್ತಿದ ಕೈ; ಉತ್ತರ ಕೇಳುವ ವ್ಯವಧಾನ ಮಾತ್ರ ಅದಕ್ಕಿರಲಿಲ್ಲ. ಸರ್ವರ್‌ನದೋ ಒಂದೇ ಪದ್ಧತಿ: ಒಂದು ಅಪ್ಪಣೆ ಮುಗಿದರೆ ತನ್ನ ಮನೆಗೆ, ಅಂದರೆ ‘ಹೋಮ್’ ಎಂಬ ಮೂಲ ಫೋಲ್ಡರಿಗೆ ಮರಳಿ, ಮುಂದಿನದಕ್ಕೆ ಅಲ್ಲೇ ಕಾಯುವುದು.

“ಕಸದ ಫೋಲ್ಡರಿಗೆ ಹೋಗು,” ಎಂದಿತು ಸ್ಕ್ರಿಪ್ಟ್.

“ಹೋಗಿ, ಮನೆಗೆ ವಾಪಸು ಬಂದೆ ಬುದ್ಧಿ.”

ಆ ಮಾತು ಮುಗಿಯುವ ಮೊದಲೇ ಮುಂದಿನ ಅಪ್ಪಣೆ ಹೊರಟಿತ್ತು: “ನಿಂತ ಕಡೆ ಇರುವುದನ್ನೆಲ್ಲ ಅಳಿಸು!”

“ಬುದ್ಧಿ, ನಾನೀಗ ನಿಂತಿರುವುದು...”

“ಎದುರು ಮಾತಾಡಬೇಡ!”

ಸರ್ವರ್ ಚಾಚೂ ತಪ್ಪದೆ ಅಳಿಸಿತು. ಸ್ಕ್ರಿಪ್ಟ್ ಮೀಸೆ ತಿರುವಿತು. “ಭೇಷ್! ಈಗ ಯಜಮಾನಿ ವಾರಿಜಾಕ್ಷಿಯವರ ಮದುವೆ ಫೋಟೋಗಳನ್ನು ಕಳಿಸು.”

“ಅವು ಮನೆಯಲ್ಲಿದ್ದವು ಬುದ್ಧಿ,” ಎಂದಿತು ಸರ್ವರ್ ವಿನಯದಿಂದ. “ತಾವು ಅಳಿಸು ಅಂದಾಗ ನಾನೂ ಅಲ್ಲೇ ಇದ್ದೆ.”