ಅಡಿವೆಪ್ಪನ ಕುಣಿಯುವ ಅಕ್ಷರಗಳು

ಹೊಳೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿ ಸಂಗಯ್ಯಜ್ಜ ಎಂಬ ಗುರು, ಅಡಿವೆಪ್ಪ ಎಂಬ ಶಿಷ್ಯ. ಗುರುವಿಗೆ ಮಾತು ನೀರು ಕುಡಿದಷ್ಟು ಸಲೀಸು. ಶಿಷ್ಯನಿಗೆ ಉಗ್ಗು. ತನ್ನ ಹೆಸರು ಹೇಳುವುದಕ್ಕೂ ಅವನಿಗೆ ಬೆವರು ಬರುತ್ತಿತ್ತು.

ಆ ಕಡೆಯ ಜನ ಮಠದ ಗುರುಗಳನ್ನು ಅಜ್ಜಾರು ಎಂದೇ ಕರೆಯುವುದು. ಪ್ರತಿ ಅಮಾವಾಸ್ಯೆಗೆ ಸುತ್ತಲಿನ ಊರವರು ಬಂದು, ಅಜ್ಜಾರ ಬಾಯಿಂದ ಎರಡು ಮಾತು ಕೇಳಿ, ಹುಗ್ಗಿ ಉಂಡು ಹೋಗುತ್ತಿದ್ದರು. ಹುಗ್ಗಿ ಎಲ್ಲ ಮಠದಲ್ಲೂ ಸಿಗುತ್ತದೆ. ಇವರು ಬರುತ್ತಿದ್ದುದು ಆ ಎರಡು ಮಾತಿಗೆ.

ಆ ಚಳಿಗಾಲದಲ್ಲಿ ಅಜ್ಜಾರ ದನಿ ಬಿದ್ದುಹೋಯಿತು. ಡಾಕ್ಟರು ಗಂಟಲು ನೋಡಿ, ಇನ್ನು ಮುಂದೆ ಜೋರಾಗಿ ಮಾತಾಡುವ ಹಾಗೇ ಇಲ್ಲ ಎಂದುಬಿಟ್ಟರು. ಕಿವಿ ಹತ್ತಿರ ಒಯ್ದರೆ ಮಾತ್ರ ಅವರ ಪಿಸುಮಾತು ಕೇಳುತ್ತಿತ್ತು.

ಒಂದು ಬೆಳಿಗ್ಗೆ ಅಜ್ಜಾರು ಶಿಷ್ಯನನ್ನು ಹತ್ತಿರ ಕರೆದರು.

“ಈ ಅಮಾಸಿಗೆ ನೀ ಮಾತಾಡು.”

“ನಾ... ನಾ... ನಾನೇನ್ರಿ?”

“ನೀನ.”

“ಮಂದಿ ನ... ನಗತಾರ್ರಿ ಅಜ್ಜಾರ.”

“ನಗಲಿ. ಅಳೂದಕ್ಕಿಂತ ಛಲೋ ಅಲ್ಲೇನು?”

ವಿಷಯವನ್ನೂ ಅಜ್ಜಾರೇ ಕೊಟ್ಟರು. ಸಿಟ್ಟಿನ ಬಗ್ಗೆ ಹೇಳು ಎಂದರು. ಆ ಮೇಲೆ ಕಣ್ಣು ಮುಚ್ಚಿ ಕುಳಿತರು. ಗುರು ಕಣ್ಣು ಮುಚ್ಚಿದ ಮೇಲೆ ಯಾರ ಹತ್ತಿರ ವಾದ ಮಾಡುವುದು?

ಅಡಿವೆಪ್ಪ ಆ ದಿನ ಊಟ ಬಿಟ್ಟ. ಮರುದಿನ ಅವನಿಗೆ ಒಂದು ದಾರಿ ಹೊಳೆಯಿತು. ಯಾರೋ ಭಕ್ತರು ಮಠಕ್ಕೆ ಕೊಟ್ಟ ಲ್ಯಾಪ್‌ಟಾಪು, ಪ್ರೊಜೆಕ್ಟರು ಬಟ್ಟೆ ಸುತ್ತಿಕೊಂಡು ಮೂಲೆಯಲ್ಲಿ ಬಿದ್ದಿದ್ದವು. ಹೇಳಬೇಕಾದ್ದನ್ನು ಸ್ಲೈಡುಗಳಲ್ಲಿ ಬರೆದು ಗೋಡೆಯ ಮೇಲೆ ಬಿಟ್ಟರೆ ಆಯಿತಲ್ಲ! ಗೋಡೆ ಮಾತಾಡುತ್ತದೆ, ತಾನು ಬಾಯಿ ತೆರೆಯುವುದೇ ಬೇಡ. ಅವನಿಗೆ ಹೋದ ಜೀವ ಬಂದ ಹಾಗಾಯಿತು.

ಅವನು ಆ ಕೆಲಸಕ್ಕೆ ತೀರ ಹೊಸಬ. ತಡಕಾಡಿ ತಡಕಾಡಿ ನಾಲ್ಕಾರು ಸ್ಲೈಡು ಬರೆದ. ಬರೆದದ್ದು ಚೆನ್ನಾಗಿಯೇ ಇತ್ತು. ಅಲ್ಲಿಗೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅವನ ಕಣ್ಣಿಗೆ ಅನಿಮೇಷನ್ ಎಂಬ ಗುಂಡಿ ಬಿತ್ತು.

ಒತ್ತಿ ನೋಡಿದ. ಒಂದು ಸಾಲು ಎಡಗಡೆಯಿಂದ ಹಾರಿ ಬಂತು. ಇನ್ನೊಂದನ್ನು ಒತ್ತಿದ. ಸಾಲು ಚೆಂಡಿನಂತೆ ಪುಟಿಯಿತು. ಮತ್ತೊಂದು ಗಿರಗಿರ ತಿರುಗಿ ನಿಂತಿತು. ಅಡಿವೆಪ್ಪ ಕುಳಿತಲ್ಲೇ ನಕ್ಕ. ಒಂದು ಸಾಲಿಗೂ ಕಡಿಮೆ ಮಾಡಲಿಲ್ಲ, ಬರುವಾಗ ಒಂದು ಎಫೆಕ್ಟು, ಹೋಗುವಾಗ ಒಂದು ಎಫೆಕ್ಟು ಹಾಕಿದ. ಮೂಗಿಗಿಂತ ಮೂಗುತಿ ಭಾರ ಎನ್ನುವ ಮಾತು ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ಮೊದಲ ಸಲ ಮೂಗುತಿ ಇಟ್ಟವರಿಗೆ ಭಾರ ತಿಳಿಯುವುದಿಲ್ಲ, ಅಷ್ಟೇ.

ಕೊನೆಗೆ ಎಲ್ಲ ಸಾಲೂ ತಾವಾಗಿಯೇ ಒಂದರ ಹಿಂದೆ ಒಂದು ಬರುವ ಹಾಗೆ ಸಮಯ ಹೊಂದಿಸಿದ. ಒಮ್ಮೆ ಶುರು ಮಾಡಿ ಕಂಬದ ಹಿಂದೆ ನಿಂತುಬಿಟ್ಟರೆ ಮುಗಿಯಿತು.

ಅಜ್ಜಾರನ್ನು ಕರೆದು ಕೂರಿಸಿ ತೋರಿಸಿದ. ಅಕ್ಷರಗಳು ಹಾರಿದವು, ಜಿಗಿದವು, ತಿರುಗಿದವು. ಅಜ್ಜಾರು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು.

“ಮತ್ತೊಮ್ಮೆ ತೋರಸು.”

ತೋರಿಸಿದ.

“ಭಾಳ ಚಂದೈತಿ. ಏನ ಬರದೀಯೋ ಇದರಾಗ?”

“ಓ... ಓದಲಿಲ್ಲೇನ್ರಿ?”

“ಓದಾಕ ಎಲ್ಲಿ ಬಿಟ್ಟಿ? ನಾ ನೋಡಕೋತ ಕುಂತಿದ್ದೆ.”

ಅಡಿವೆಪ್ಪ ತಲೆ ತುರಿಸಿಕೊಂಡ. ಅಜ್ಜಾರು ಗೋಡೆಯ ಮೇಲೆ ಇನ್ನೂ ಪುಟಿಯುತ್ತಿದ್ದ ಒಂದು ಸಾಲಿನ ಕಡೆ ಬೆರಳು ಮಾಡಿದರು.

“ಇದ್ಯಾಕ ಜಿಗೀತೈತಿ?”

“ಚಂದ ಕಾಣಲಿ ಅಂತ್ರಿ.”

“ಅವ್ವ ತೀರಿಕೊಂಡಳು ಅಂತ ಬರದಿದ್ರೂ ಹಿಂಗ ಜಿಗಿಸ್ತಿದ್ದಿಯೇನು?”

ಅಡಿವೆಪ್ಪ ಲ್ಯಾಪ್‌ಟಾಪು ಮುಚ್ಚಿ ಎದ್ದು ಹೋದ.

ಮರುದಿನವಿಡೀ ಕುಳಿತು ಎಫೆಕ್ಟುಗಳನ್ನು ಕಿತ್ತ. ಕೀಳುವಾಗ ಅವನಿಗೆ ನಿಜಕ್ಕೂ ದುಃಖವಾಯಿತು. ಗಿರಗಿರ ತಿರುಗುವುದನ್ನು ತೆಗೆಯುವ ಮುಂಚೆ ಕೊನೆಯದಾಗಿ ಒಮ್ಮೆ ತಿರುಗಿಸಿ ನೋಡಿದ. ಎಲ್ಲ ಹೋಗಿ ಒಂದೇ ಉಳಿಯಿತು. ಸಾಲು ಸುಮ್ಮನೆ ಮೂಡುವುದು.

“ಈಗ ಆತಲ್ರಿ ಅಜ್ಜಾರ?”

ಅಜ್ಜಾರು ನೋಡಿದರು. “ಮುಂದಿನ ಸಾಲು ಯಾರು ತರತಾರ?”

“ಅದ ತಾನ ಬರತೈತ್ರಿ. ಟೈಮ್ ಹಾಕೇನಿ.”

ಅಷ್ಟರಲ್ಲಿ ಊಟದ ಹೊತ್ತಾಗಿತ್ತು. ಹೊಳೆಗೆ ಬಟ್ಟೆ ಒಗೆಯಲು ಬಂದವರು, ದಾರಿಹೋಕರು, ಒಂದು ಪಂಕ್ತಿಯಷ್ಟು ಜನ ಎಲೆಯ ಮುಂದೆ ಕುಳಿತಿದ್ದರು.

“ಇವತ್ತ ನೀ ಬಡಸು,” ಎಂದರು ಅಜ್ಜಾರು. “ಆದ್ರ ಯಾರ ಎಲಿ ನೋಡಬ್ಯಾಡ, ಯಾರ ಮಾರಿನೂ ನೋಡಬ್ಯಾಡ. ಒಂದ ಸೌಟು ಹಾಕು, ಮುಂದ ಹೋಗು. ಎಲ್ಲೂ ನಿಲ್ಲಬ್ಯಾಡ.”

ಗುರು ಹೇಳಿದ ಮೇಲೆ ಮುಗಿಯಿತು. ಅಡಿವೆಪ್ಪ ತಲೆ ತಗ್ಗಿಸಿಕೊಂಡು ಬಡಿಸುತ್ತ ಹೋದ. ರೊಟ್ಟಿ ಹಾಕಿದ, ಪಲ್ಯ ಹಾಕಿದ, ತಿರುಗಿ ಬಂದು ಹುಗ್ಗಿ ಹಾಕಿದ, ಅದರ ಬೆನ್ನಿಗೇ ಅನ್ನ, ಸಾರು. ಒಬ್ಬರ ಎಲೆಯಿಂದ ಸಾರು ನೆಲಕ್ಕೆ ಹರಿಯಿತು. ಇನ್ನೊಬ್ಬರು ರೊಟ್ಟಿಗಾಗಿ ಎತ್ತಿದ ಕೈ ಎತ್ತಿಕೊಂಡೇ ಕುಳಿತರು.

ಸಾಲಿನ ಕೊನೆಯಲ್ಲಿ ಫಕೀರವ್ವ ಎಂಬ ಮುದುಕಿ. ಹಲ್ಲಿಲ್ಲ, ರೊಟ್ಟಿ ನೆನೆಸಿಕೊಂಡು ತಿನ್ನಬೇಕು. ಅವಳು ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಎಲೆಯ ಮೇಲೆ ಐದೂ ಪದಾರ್ಥ ಕಲಸಿಹೋಗಿತ್ತು.

“ಯಪ್ಪಾ! ಒಂದ ತುತ್ತು ನುಂಗೂತನಾ ತಡಿಯಾಕ ಆಗೂದಿಲ್ಲೇನು? ಕಣ್ಣ ಒತ್ತೆ ಇಟ್ಟ ಬಂದೀಯೇನ?”

ಪಂಕ್ತಿಯೆಲ್ಲ ನಕ್ಕಿತು. ಅಡಿವೆಪ್ಪ ಸೌಟು ಹಿಡಿದುಕೊಂಡು ಅಲ್ಲೇ ನಿಂತ. ಅಜ್ಜಾರ ಕಡೆ ನೋಡಿದ. ಅಜ್ಜಾರು ತಮ್ಮ ಪಾಡಿಗೆ ಉಣ್ಣುತ್ತಿದ್ದರು.

ಆ ಮಧ್ಯಾಹ್ನ ಅವನು ಹೊಂದಿಸಿದ್ದ ಸಮಯವನ್ನೆಲ್ಲ ತೆಗೆದುಹಾಕಿದ. ಕ್ಲಿಕ್ ಮಾಡಿದಾಗ ಮಾತ್ರ ಮುಂದಿನ ಸಾಲು ಬರುವಂತೆ ಮಾಡಿದ. ಕೈಯಲ್ಲಿ ಹಿಡಿಯುವ ಸಣ್ಣ ರಿಮೋಟು ಇತ್ತು, ಒತ್ತಿದರೆ ಸಾಲು ಬರುತ್ತಿತ್ತು, ಒತ್ತದಿದ್ದರೆ ಕಾಯುತ್ತಿತ್ತು. ಎರಡು ಸಲ ಒತ್ತಿ ನಿಲ್ಲಿಸಿದ. ಯಾವಾಗ ಒತ್ತಬೇಕು? ಜನ ಓದಿ ಮುಗಿಸಿದಾಗ. ಮುಗಿಸಿದ್ದು ಹೇಗೆ ತಿಳಿಯಬೇಕು? ಅವರ ಮುಖ ನೋಡಿ.

ಕಂಬದ ಹಿಂದೆ ನಿಂತವನಿಗೆ ಯಾರ ಮುಖವೂ ಕಾಣುವುದಿಲ್ಲ.

ಅವನು ಹೊಳೆಯ ಮೆಟ್ಟಿಲಿನ ಮೇಲೆ ಕುಳಿತಿದ್ದ ಅಜ್ಜಾರ ಹತ್ತಿರ ಹೋಗಿ ಕುಳಿತ.

“ಅಜ್ಜಾರ, ಮಂದಿ ಮಾರಿ ನೋಡಿದ್ರ ನಂದು ಬಾಯಿ ಕ... ಕಟ್ಟತೈತ್ರಿ. ಅದಕ್ಕ ಅಕ್ಷರ ಕುಣಿಸಿದ್ದೆ. ಎಲ್ಲಾರೂ ಗ್ವಾಡಿ ನೋಡಲಿ, ನನ್ನ ಯಾ... ಯಾರೂ ನೋಡಬಾರದು ಅಂತ.”

“ಗೊತ್ತೈತಿ.”

“ಗೊತ್ತಿದ್ದೂ ನನಗ ಯಾಕ ಹೇಳಿದ್ರಿ? ಮಾಸ್ತರ ಅದಾರ, ಬ್ಯಾರೇದವ್ರು ಅದಾರ.”

ಅಜ್ಜಾರು ಅವನ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

“ನನಗೂ ಅಂಜಿಕಿ ಐತಿ, ಅಡಿವೆಪ್ಪಾ.”

“ನಿಮಗ?”

“ಮಂದಿ ಬಂದು, ಉಂಡು, ಸುಮ್ಮನ ಎದ್ದು ಹೋದ್ರ? ನನ್ನ ದನಿ ಜೋಡಿ ಅಮಾಸಿ ಮಾತೂ ಮುಗದ್ರ? ಯಾರರೇ ಚಂದ ಮಾತಾಡತಾರ, ಅದು ಬ್ಯಾರೆ. ನೀ ಸುಳ್ಳ ಮಾತಾಡೂದಿಲ್ಲ. ಒಂದೊಂದ ಮಾತಿಗೂ ನಿನಗ ಅಷ್ಟ ತ್ರಾಸ ಐತಿ, ಸುಳ್ಳಿಗೆ ಯಾರು ಅಷ್ಟ ತ್ರಾಸ ತಗೋತಾರ?”

ಅಡಿವೆಪ್ಪನ ಕಣ್ಣಲ್ಲಿ ನೀರು ಬಂತು. ಅಜ್ಜಾರು ನೋಡಿದರೂ ನೋಡದ ಹಾಗೆ ಹೊಳೆಯ ಕಡೆ ತಿರುಗಿದರು.

“ನಾ ಬಾಜೂಕ ಕುಂದರತೀನಿ,” ಎಂದರು.

ಅಮಾವಾಸ್ಯೆ ಬಂತು. ಸಂಜೆ ಜನ ಸೇರಿದರು. ಗೋಡೆಗೆ ಬಿಳಿ ಧೋತರ ಕಟ್ಟಿದ್ದರು. ಅದರ ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ, ಅಡಿವೆಪ್ಪ ರಿಮೋಟು ಹಿಡಿದು ನಿಂತ. ಅವನ ಕಾಲಿನ ಹತ್ತಿರ ಅಜ್ಜಾರು ಕುಳಿತರು.

ಮೊದಲ ಸಾಲು ಮೂಡಿತು. ಸಿಟ್ಟು ಬಂದಾಗ ಮೊದಲು ನೀರು ಕುಡಿ.

ಅಡಿವೆಪ್ಪ ಮುಖಗಳನ್ನು ನೋಡಿದ. ಮುಂದೆ ಕುಳಿತವರು ಓದಿ ಮುಗಿಸಿದ್ದರು. ಹಿಂದೆ ಒಬ್ಬ ತುಟಿ ಆಡಿಸುತ್ತ ಇನ್ನೂ ಓದುತ್ತಿದ್ದ. ಅವನ ತುಟಿ ನಿಲ್ಲುವ ತನಕ ಕಾದು, ಒತ್ತಿದ. ಇನ್ನೊಂದು ಸಾಲು. ಮತ್ತೆ ಕಾದ. ಒಬ್ಬ ಹೆಂಗಸು ಗಂಡನ ಕಡೆ ನೋಡಿ ಮೊಣಕೈಯಿಂದ ತಿವಿದಳು. ಜನ ನಕ್ಕರು. ನಗು ಮುಗಿಯುವ ತನಕವೂ ಕಾದ. ಬಾಯಿ ತೆರೆಯದೆಯೇ ಕೊನೆಯ ಸಾಲಿಗೆ ಬಂದುಬಿಟ್ಟಿದ್ದ. ಒತ್ತಿದ. ಸಾಲು ಸದ್ದಿಲ್ಲದೆ ಮೂಡಿತು.

ಆಗ ಫಕೀರವ್ವ ಕೈ ಎತ್ತಿದಳು.

“ಯಪ್ಪಾ, ಎಲ್ಲಾರೂ ಓದಿ ಗೋಣ ಹಾಕಾಕತ್ತಾರ. ನನಗ ಓದಾಕ ಬರೂದಿಲ್ಲ. ಇಷ್ಟೊತ್ತು ಸುಮ್ಮನ ಕುಂತೆ. ಕಡೀ ಸಾಲರೇ ಏನಂತ ಹೇಳು.”

ಎಲ್ಲರ ಕಣ್ಣೂ ಗೋಡೆ ಬಿಟ್ಟು ಅಡಿವೆಪ್ಪನ ಮೇಲೆ ಬಿದ್ದವು.

“ಕ್ಷ...” ಎಂದ. “ಕ್ಷ... ಕ್ಷ...”

ಮುಂದೆ ಹೋಗಲಿಲ್ಲ. ಕುತ್ತಿಗೆಯ ನರ ಉಬ್ಬಿತು. ಒಂದು ಹುಡುಗಿ ಕಿಸಕ್ಕೆಂದಳು, ತಾಯಿ ಅವಳ ಬಾಯಿ ಮುಚ್ಚಿದಳು. ಊರ ಶಾಲೆಯ ಹಾದಿಮನಿ ಮಾಸ್ತರು ಪಾಪ ಎನಿಸಿ, ತಾವೇ ಓದಿ ಹೇಳೋಣವೆಂದು ಅರ್ಧ ಎದ್ದರು. ಅಜ್ಜಾರು ಅಂಗೈ ಎತ್ತಿ ಅವರನ್ನು ಕೂರಿಸಿದರು.

“ಕ್ಷ... ಕ್ಷ...”

ಫಕೀರವ್ವ ಅವನ ಮುಖವನ್ನೇ ನೋಡುತ್ತಿದ್ದಳು. ಅವಳ ಬೊಚ್ಚುಬಾಯಿ ತಾನಾಗಿ ತೆರೆದುಕೊಂಡಿತ್ತು. ಓದು ಬಲ್ಲವರೂ ಗೋಡೆಯ ಕಡೆ ತಿರುಗಲಿಲ್ಲ. ಆ ಮಾತು ಅವನ ಬಾಯಿಂದಲೇ ಬರಬೇಕು ಎಂದು ಇಡೀ ಮಠ ಉಸಿರು ಹಿಡಿದು ಕಾಯುತ್ತಿತ್ತು.

“ಕ್ಷಮಿಸಿದವರಿಗೆ... ನಿ... ನಿದ್ದೆ ಬರುತ್ತದೆ.”

ಫಕೀರವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

“ನನಗ ನಿದ್ದಿ ಬಂದು ಭಾಳ ದಿನ ಆತೋ ಯಪ್ಪಾ,” ಎಂದಳು. “ಮತ್ತೊಮ್ಮೆ ಹೇಳು.”

ಅವನು ಮತ್ತೊಮ್ಮೆ ಹೇಳಿದ. ಮೊದಲಿನಷ್ಟೇ ಹೊತ್ತು ಹಿಡಿಯಿತು. ಜನರೂ ಮೊದಲಿನ ಹಾಗೇ ಕಾದರು.

ಉಂಡು ಜನ ಹೋದ ಮೇಲೆ ಅಡಿವೆಪ್ಪ ಧೋತರ ಬಿಚ್ಚಿ ಮಡಚುತ್ತಿದ್ದ. ಅವನ ಕಿವಿ ಇನ್ನೂ ಕೆಂಪಾಗಿತ್ತು.

“ಅಜ್ಜಾರ, ಒಂದ ಮಾತು ಬ... ಬರಾಕ ಎಷ್ಟ ಹೊತ್ತ ಹಿಡೀತ್ರಿ! ನಾಚಿಕಿ ಆತ್ರಿ ನನಗ. ಮುಂದಿನ ಅಮಾಸಿಗೆ ಇನ್ನೂ ಏನೇನ ತ... ತಗೀಲಿ, ಹೇಳ್ರಿ.”

ಅಜ್ಜಾರು ಅವನ ತಲೆಯನ್ನು ಎರಡೂ ಕೈಯಿಂದ ಹಿಡಿದು, ಅವನ ಕಿವಿಯನ್ನು ತಮ್ಮ ಬಾಯಿಯ ಹತ್ತಿರ ತಂದುಕೊಂಡರು.

“ಬೇಕಾದ್ದ ತಗಿ, ಅಡಿವೆಪ್ಪಾ. ಆ ಮಾತು ತಡದು ತಡದು ಬಂತಲ್ಲ, ಆ ಎಫೆಕ್ಟ್ ಒಂದ ಮಾತ್ರ ತಗೀಬ್ಯಾಡ.”