ಖಾಲಿ ಬಂದ ಕೊಡ

"ಬೀಳುತ್ತಿದ್ದ ಆ್ಯಪ್ ಈಗ ಬೀಳುತ್ತಿಲ್ಲ ಅಕ್ಕೋರೆ. ಮತ್ತೆ ಇದು ದುರಸ್ತಿ ಅಲ್ಲ ಅಂತ ಯಾಕೆ ಅಂತೀರಿ?" ಎಂದು ಅಕ್ಷತಾ ಕೇಳಿದಳು.

ಬೆಳಗಿನಿಂದ ನುಂಗಿಕೊಂಡಿದ್ದ ಸಿಟ್ಟು ಆ ಪ್ರಶ್ನೆಯಲ್ಲಿತ್ತು. ಆ್ಯಪ್ ಅವಳ ಕೈಯ ಕೆಲಸ. ಆಂಬುಲೆನ್ಸ್ ಓಡಿಸುವವರು ಫೋನ್ ತೆರೆದರೆ ಸಾಕು, ದಾರಿಯಲ್ಲಿರುವ ಯಾವ ಆಸ್ಪತ್ರೆಯಲ್ಲಿ ಯಾವ ಗುಂಪಿನ ರಕ್ತ ಇದೆ ಎಂದು ಅದು ತೋರಿಸುತ್ತದೆ. ಅದರೊಳಗೆ ಎರಡು ಭಾಗ. ಒಂದು ಭಾಗ ರಕ್ತದ ಮಾಹಿತಿಯನ್ನು ಕಾಯುತ್ತದೆ. ಇನ್ನೊಂದು ಭಾಗ ಅದನ್ನು ಕೇಳಿ ಪಡೆದು ಪರದೆಯ ಮೇಲೆ ಇಡುತ್ತದೆ. ಕೆಲವು ಹಳೆಯ ಫೋನ್‌ಗಳಲ್ಲಿ ಕೇಳುವ ಭಾಗಕ್ಕೆ ಅನುಮತಿ ದಕ್ಕುತ್ತಿರಲಿಲ್ಲ. ಕಾಯುವ ಭಾಗ ಕೊಡುವುದಿಲ್ಲ ಎನ್ನುತ್ತಿತ್ತು, ಆ್ಯಪ್ ಅಲ್ಲೇ ಬಿದ್ದು ಮುಚ್ಚಿಕೊಳ್ಳುತ್ತಿತ್ತು, ಚಾಲಕರು ಕಚೇರಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬಯ್ಯುತ್ತಿದ್ದರು. ಅಕ್ಷತಾ ಎರಡು ಸಾಲು ಬರೆದಳು: ಅನುಮತಿ ಸಿಗದಿದ್ದರೆ ಖಾಲಿ ಪಟ್ಟಿ ಕೊಟ್ಟುಬಿಡು. ಬೀಳುವುದು ನಿಂತಿತು.

ಕೆಲವೇ ತಾಲ್ಲೂಕುಗಳಲ್ಲಿ ಓಡುತ್ತಿದ್ದ ಆ್ಯಪ್ ಈ ಸಂಜೆ ಇಡೀ ಜಿಲ್ಲೆಗೆ ಹೋಗಬೇಕು. ವತ್ಸಲಾ ಅಕ್ಕೋರು ಹೂಂ ಎಂದರೆ ಹೋಗುತ್ತದೆ. ಅವರು ಹೂಂ ಎನ್ನುತ್ತಿಲ್ಲ. ಮೊದಲು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಿದ್ದವರಾದ್ದರಿಂದ ಹುಬ್ಬಳ್ಳಿಯ ಆ ಕಚೇರಿಯಲ್ಲಿ ಮಾಲೀಕನೂ ಅವರನ್ನು ಅಕ್ಕೋರು ಎಂದೇ ಕರೆಯುತ್ತಿದ್ದ. ಆ್ಯಪ್ ಎಲ್ಲಿ ಕೆಟ್ಟಿದೆ ಎಂದು ಹುಡುಕುವುದನ್ನು ಅಕ್ಷತಾಗೆ ಕಲಿಸಿದವರೂ ಅವರೇ.

"ಅನುಮತಿ ಸಿಗದ ಫೋನಿನಲ್ಲಿ ಚಾಲಕನಿಗೆ ಏನು ಕಾಣುತ್ತೆ?" ಎಂದು ಅಕ್ಕೋರು ಕೇಳಿದರು.

"ರಕ್ತ ಲಭ್ಯವಿಲ್ಲ ಅಂತ."

"ಕೂತ್ಕೋ ತಂಗಿ," ಎಂದರು ಅಕ್ಕೋರು. ಕೂತ ಮೇಲೆ ಈ ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಪುಣ್ಯದ ಯೋಚನೆ ಬರುವಷ್ಟು ಲಾಭ ಮಾಡಿದ್ದ. ನೆರಳಿಲ್ಲದ ಒಂದು ದೊಡ್ಡ ಬಯಲಿನ ನಡುವೆ, ಹೇರೆತ್ತುಗಳು ಹೋಗುವ ದಾರಿಯಲ್ಲಿ, ಅವನೊಂದು ಅರವಟ್ಟಿಗೆ ಕಟ್ಟಿಸಿದ. ದಾರಿಹೋಕರಿಗೆ ಅಲ್ಲಿ ಪುಕ್ಕಟೆ ನೀರು. ಅಲ್ಲಿಂದ ಹಿಂದಕ್ಕೆ ನಡೆದರೂ ಮುಂದಕ್ಕೆ ನಡೆದರೂ ಒಂದು ಹಗಲು ಕಳೆಯುವವರೆಗೆ ಬೇರೆ ಬಾವಿ ಇರಲಿಲ್ಲ.

ಅರವಟ್ಟಿಗೆಯ ಬಾಗಿಲು ಹಿಂದುಗಡೆ ಇತ್ತು. ದಾರಿಯ ಕಡೆಗೆ ಬರೀ ಗೋಡೆ, ಗೋಡೆಯಲ್ಲೊಂದು ಕಿಂಡಿ. ಕಂಡಕಂಡವರ ಕೈ ನೀರಿಗೆ ತಾಗಬಾರದು ಎನ್ನುವುದು ವರ್ತಕನ ಮಡಿ. ಪುಣ್ಯ ಬೇಕು, ಜನ ಬೇಡ. ಬಂದವರು ತಮ್ಮ ಖಾಲಿ ಕೊಡವನ್ನು ಕಿಂಡಿಯಲ್ಲಿ ಇಡಬೇಕು, ಒಳಗಿನವಳು ತುಂಬಿಸಿ ತಿರುಗಿ ಇಡಬೇಕು. ಒಳಗೆ ಏನಿದೆ ಎಂದು ಅವರಿಗೆ ಕಾಣದು. ಹೊರಗೆ ಯಾರಿದ್ದಾರೆ ಎಂದು ಇವಳಿಗೆ ಕಾಣದು.

ಒಳಗಿನವಳು ಒಬ್ಬ ವಿಧವೆ. ನೀರು ಕೊಡುವ ಕೆಲಸಕ್ಕೆ ಅವಳಿಗೆ ಕಾಳು ಸಿಗುತ್ತಿತ್ತು, ಬೇರೆ ದಿಕ್ಕಿರಲಿಲ್ಲ. ಅವಳ ಪಕ್ಕದಲ್ಲಿ ಒಂದು ತೆರೆದ ತೊಟ್ಟಿ. ಅದರ ಹಿಂದೆ ನೆಲದೊಳಗೆ ಕಲ್ಲು ಕಟ್ಟಿದ ದೊಡ್ಡ ತೊಟ್ಟಿ, ಅದಕ್ಕೆ ಮುಚ್ಚಳ, ಮುಚ್ಚಳಕ್ಕೆ ಬೀಗ. ತೆರೆದ ತೊಟ್ಟಿ ಬತ್ತಿದಾಗ, ಅರವಟ್ಟಿಗೆ ನೋಡಿಕೊಳ್ಳಲು ವರ್ತಕ ನೇಮಿಸಿದ್ದ ಪಾರುಪತ್ತೇಗಾರ ಬೀಗ ತೆಗೆದು ಅದನ್ನು ತುಂಬಿಸಬೇಕು. ಪಾರುಪತ್ತೇಗಾರ ಕೆಟ್ಟವನೇನಲ್ಲ. ಅವನಿಗೆ ಪೇಟೆಯಲ್ಲಿ ಬೇರೆ ಕೆಲಸಗಳಿದ್ದವು. ಕೀಲಿ ಅವನ ಉಡಿದಾರದಲ್ಲಿರುತ್ತಿತ್ತು, ಉಡಿದಾರ ಅವನ ಜತೆಗೇ ಪೇಟೆಗೆ ಹೋಗುತ್ತಿತ್ತು.

ಅಂಥ ದಿನಗಳಲ್ಲಿ ತೆರೆದ ತೊಟ್ಟಿ ಬತ್ತಿದರೆ ವಿಧವೆ ಕಿಂಡಿಗೆ ಬಾಯಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. ನೀರಿದೆ, ಬೀಗ ಹಾಕಿದೆ, ಕೀಲಿ ತನ್ನಲ್ಲಿಲ್ಲ. ಆಮೇಲಿನದು ಕೇಳುವಂತಿರಲಿಲ್ಲ. ನೀರಿಲ್ಲ ಎಂದರೆ ಬಾಯಾರಿದವನು ಹೇಗೋ ಸಹಿಸಿಕೊಂಡಾನು, ನೀರಿದೆ ಆದರೆ ಕೊಡಲಾರೆ ಎಂದರೆ ಸಹಿಸುತ್ತಾನೆಯೇ? ಅವಳನ್ನು ಬಯ್ದರು, ಸತ್ತ ಗಂಡನನ್ನು ಬಯ್ದರು, ವರ್ತಕನ ಏಳು ತಲೆಮಾರನ್ನು ಎಳೆದು ತಂದರು. ಒಮ್ಮೆ ಎಣ್ಣೆ ಮಾರುವವರ ತಂಡವೊಂದು ಗೋಡೆ ಸುತ್ತಿ ಬಂದು, ಹಿಂದಿನ ಬಾಗಿಲು ಒದ್ದು, ಕಲ್ಲಿನಿಂದ ಬೀಗ ಒಡೆದು, ಹೊಟ್ಟೆ ತುಂಬ ಕುಡಿದು ಹೋಯಿತು. ಅವರು ಬದುಕಿದರು, ಬೀಗ ಹಾಳಾಯಿತು. ವರ್ತಕನ ಕಿವಿಗೆ ಎರಡನೆಯದು ಮಾತ್ರ ಬಿತ್ತು.

ಪುಣ್ಯಕ್ಕೆಂದು ಕಟ್ಟಿಸಿದ ಜಾಗದಲ್ಲಿ ದಿನ ಬಿಟ್ಟು ದಿನ ರಂಪವಾದರೆ ಹೆಸರು ಉಳಿಯುವುದು ಹೇಗೆ? ರಂಪ ಯಾಕಾಗುತ್ತದೆ ಎಂದು ವರ್ತಕ ಕೇಳಲಿಲ್ಲ. ರಂಪ ನಿಲ್ಲಬೇಕು ಎಂದ. ಇನ್ನೊಂದು ಕೀಲಿ ಮಾಡಿಸಿ ಆ ಹೆಂಗಸಿನ ಕೈಗೆ ಕೊಡುವುದು ಕಮ್ಮಾರನಿಗೆ ಒಂದು ಮಧ್ಯಾಹ್ನದ ಕೆಲಸ. ಅದು ಯಾರಿಗೂ ಹೊಳೆಯಲಿಲ್ಲ. ಬೀಗದ ಬಗ್ಗೆ ಯೋಚಿಸುವವರು ಅಲ್ಲಿ ಯಾರೂ ಇರಲಿಲ್ಲ, ಎಲ್ಲರೂ ಸದ್ದಿನ ಬಗ್ಗೆ ಯೋಚಿಸುತ್ತಿದ್ದರು.

ಪಾರುಪತ್ತೇಗಾರ ವಿಧವೆಯನ್ನು ಕರೆದು, "ಸುಳ್ಳು ಹೇಳು ಅಂತ ನಾನು ಅನ್ನಲ್ಲ. ಏನೂ ಹೇಳಬೇಡ ಅಷ್ಟೆ. ಕೊಡ ಬಂದ ಹಾಗೇ ಖಾಲಿ ತಿರುಗಿಸು. ಅರ್ಥ ಮಾಡಿಕೊಳ್ಳೋದು ಅವರ ಕೆಲಸ," ಎಂದ.

ಅವಳು ಹಾಗೇ ಮಾಡಿದಳು. ಹೊರಗಿನವರು ಕೊಡವನ್ನು ಅಲ್ಲಾಡಿಸಿ ನೋಡಿದರು, ನಿಟ್ಟುಸಿರು ಬಿಟ್ಟರು, ಹೊರಟುಹೋದರು. ಅಷ್ಟೇ. ಯಾರೂ ಬಯ್ಯಲಿಲ್ಲ. ಅವಳ ಸತ್ತ ಗಂಡ ಸತ್ತ ಮೇಲೆ ಮೊದಲ ಬಾರಿಗೆ ನೆಮ್ಮದಿಯಾಗಿದ್ದ. ದಿನ ಕಳೆದಂತೆ ಅದು ರೂಢಿಯಾಯಿತು. ತೊಟ್ಟಿ ಬತ್ತಿದ ದಿನ ಹಿಂದೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ, ಈಗ ಮಧ್ಯಾಹ್ನ ಒಂದು ಜೊಂಪು ನಿದ್ದೆಯೂ ಬರುತ್ತಿತ್ತು. ಅರವಟ್ಟಿಗೆ ಎಷ್ಟು ಶಾಂತವಾಗಿದೆ ಎಂದು ಪೇಟೆಯಲ್ಲಿ ಜನ ಆಡಿಕೊಂಡರು. ಪಾರುಪತ್ತೇಗಾರನಿಗೆ ಶಾಲು ಹೊದಿಸಲಾಯಿತು.

ಬೇಸಿಗೆ ಬಲಿಯಿತು. ಪಾರುಪತ್ತೇಗಾರ ಪೇಟೆಗೆ ಹೋಗಿದ್ದ, ತೆರೆದ ತೊಟ್ಟಿಯ ತಳ ಬಿರುಕು ಬಿಟ್ಟಿತ್ತು. ಸೂರ್ಯ ನೆತ್ತಿಯ ಮೇಲಿದ್ದಾಗ ಉಪ್ಪು ಹೇರಿಕೊಂಡ ಎತ್ತುಗಳ ಗಂಟೆ ಗೋಡೆಯಾಚೆ ಬಂದು ನಿಂತಿತು. ಹೆಜ್ಜೆಗಳ ಸದ್ದಿನಿಂದಲೇ ಒಂದೆರಡು ಮನೆಯವರು ಸೇರಿ ಹೊರಟ ತಂಡ ಎಂದು ವಿಧವೆಗೆ ತಿಳಿಯಿತು. ಕೂಸೊಂದು ಅತ್ತು ದಣಿದು ಬಿಕ್ಕುತ್ತಿತ್ತು. ಕಿಂಡಿಯಲ್ಲಿ ಕೊಡ ಬಂತು. ಅವಳು ಅದನ್ನು ಒಳಗೆಳೆದುಕೊಂಡು, ತುಂಬಿಸಲು ಬೇಕಾಗುವಷ್ಟು ಹೊತ್ತು ಇಟ್ಟುಕೊಂಡು, ಖಾಲಿ ತಿರುಗಿಸಿದಳು.

ಬಯ್ಗುಳಕ್ಕಾಗಿ ಕಾದಳು. ಅಂದು ಯಾಕೋ ಬಯ್ಯಲಿ ಎಂದೇ ಅವಳಿಗೆ ಅನಿಸಿತ್ತು. ಬಯ್ದರೆ ತಿರುಗಿ ಬಯ್ಯಬಹುದು, ಬಯ್ಯುವ ಭರದಲ್ಲಿ ಬೀಗದ ಮಾತು ತಾನಾಗಿ ಬಾಯಿಂದ ಜಾರಬಹುದು. ಹೊರಗಿನಿಂದ ಒಬ್ಬ ಹೆಂಗಸಿನ ದನಿ ಬಂತು.

"ಇಲ್ಲದ್ದನ್ನ ನೀನಾದರೂ ಎಲ್ಲಿಂದ ತರ್ತೀಯವ್ವಾ. ಈ ಬಿಸಿಲಿಗೆ ಹೊರಗೆ ಬರಬೇಡ, ಒಳಗೇ ತಣ್ಣಗಿರು."

ಹಿಂದಕ್ಕೆ ಹೋಗೋಣವೇ ಎಂದು ಗಂಡಸೊಬ್ಬ ಕೇಳಿದ್ದು ಕೇಳಿಸಿತು. ಹಿಂದೆ ನೀರಿಲ್ಲದ್ದು ಗೊತ್ತೇ ಇದೆ, ಮುಂದೆ ಇದ್ದರೂ ಇರಬಹುದು ಎಂದು ಅದೇ ಹೆಂಗಸು ಹೇಳಿದ್ದೂ ಕೇಳಿಸಿತು. ಗಂಟೆಗಳು ಮತ್ತೆ ಅಲ್ಲಾಡಿದವು.

ವಿಧವೆ ಕಿಂಡಿಗೆ ಬಾಯಿಟ್ಟಳು. ಹೇಳಿದರೆ ಬೀಗ ಒಡೆಯುತ್ತಾರೆ. ಬೀಗ ಒಡೆದರೆ ತನ್ನ ಕಾಳು ನಿಲ್ಲುತ್ತದೆ. ಇಷ್ಟನ್ನು ಯೋಚಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ, ಆದರೆ ಅಷ್ಟರಲ್ಲಿ ಗಂಟೆಗಳು ದೂರವಾಗಿದ್ದವು. ಆಮೇಲೆ ಅವಳು ಕೂಗಿದಳು ಎಂದು ಕೆಲವರು ಹೇಳುತ್ತಾರೆ. ಕೂಗಿರಲೂಬಹುದು. ಗೋಡೆ ದಪ್ಪಗಿತ್ತು, ಕೂಗಿ ಅಭ್ಯಾಸವೂ ತಪ್ಪಿತ್ತು.

ಪಾರುಪತ್ತೇಗಾರ ಪೇಟೆಯಿಂದ ಅದೇ ದಾರಿಯಲ್ಲಿ ಮರಳಿದ. ಮೊದಲು ಹದ್ದುಗಳನ್ನು ಕಂಡ. ಆಮೇಲೆ ಬೆನ್ನ ಮೇಲಿನ ಉಪ್ಪಿನ ಚೀಲ ಇಳಿಯದೆಯೇ ಕುಸಿದಿದ್ದ ಎತ್ತುಗಳನ್ನು. ಆಮೇಲೆ ಜನರನ್ನು. ಒಬ್ಬ ಹೆಂಗಸಿನ ಒಂದು ತೋಳಿನಲ್ಲಿ ಕೂಸು, ಇನ್ನೊಂದು ತೋಳಿನಲ್ಲಿ ಕೊಡ. ಅವನಿಗೆ ನಿಜವಾಗಿ ದುಃಖವಾಯಿತು, ಅದರಲ್ಲಿ ನಟನೆ ಇರಲಿಲ್ಲ. ಅರವಟ್ಟಿಗೆಗೆ ಬಂದು ಗೋಡೆಗೊರಗಿ ಕೂತು ಕಣ್ಣೊರೆಸಿಕೊಂಡ. ಪಾಪ, ಅವರಿಗೆ ಎಲ್ಲೂ ನೀರು ಸಿಕ್ಕಿಲ್ಲ ನೋಡು ಎಂದ. ಹಾಗೆನ್ನುತ್ತಲೇ ಉಡಿದಾರದಿಂದ ಕೀಲಿ ಬಿಚ್ಚಿ ಮುಚ್ಚಳ ತೆಗೆದ. ಬಗ್ಗಿದರೆ ಮುಖ ಕಾಣುವಷ್ಟು ಮೇಲಕ್ಕೆ ನೀರು ನಿಂತಿತ್ತು. ತಂಬಿಗೆ ಮುಳುಗಿಸಿ ಕುಡಿದ. ವಿಧವೆಗೂ ಒಂದು ತಂಬಿಗೆ ಕೊಟ್ಟ. ಅವಳು ಕುಡಿದಳು.

ವರ್ತಕನೂ ಸುದ್ದಿ ಕೇಳಿ ಮರುಗಿದ. ಇಂಥ ದಾರಿಗೆ ಒಂದು ಅರವಟ್ಟಿಗೆ ಸಾಲದು ಎಂದುಕೊಂಡು, ಆ ಜನ ಬಿದ್ದ ಜಾಗದಲ್ಲೇ ಇನ್ನೊಂದನ್ನು ಕಟ್ಟಿಸಿದ. ಹೊಸದಕ್ಕೆ ಹಳೆಯದರ ಅಳತೆಯನ್ನೇ ತೆಗೆದುಕೊಂಡರು. ಅದೇ ಗೋಡೆ, ಅದೇ ಕಿಂಡಿ, ಹಾಗೇ ಬೀಗ ಹಾಕಿದ ತೊಟ್ಟಿ. ರಂಪವಿಲ್ಲದ ಕಟ್ಟಡ ಎಂದು ಹಳೆಯದಕ್ಕೆ ಆಗಲೇ ಹೆಸರು ಬಂದಿತ್ತಲ್ಲ.

ಅಕ್ಕೋರು ಅಲ್ಲಿಗೆ ನಿಲ್ಲಿಸಿದರು.

ಅಕ್ಷತಾಗೆ ಕತೆ ತನ್ನ ಮೇಲೆ ಹೊರಳಿದ್ದು ತಿಳಿಯದೆ ಇರಲಿಲ್ಲ. ಆದರೂ ಸೋಲೊಪ್ಪಲು ಮನಸ್ಸು ಬರಲಿಲ್ಲ. ಆ ಹೆಂಗಸು ಕಾಳಿಗೆ ಹೆದರಿ ಸುಮ್ಮನಿದ್ದಳು, ನಾನು ಯಾರಿಗೂ ಹೆದರಿ ಬರೆದದ್ದಲ್ಲ ಎಂದಳು. ಚಾಲಕರ ಬಯ್ಗುಳ ನೀವೂ ಕೇಳಿದ್ದೀರಿ ಎಂದಳು. ಕೊನೆಗೆ, ತನಗೆ ಎಲ್ಲಕ್ಕಿಂತ ಗಟ್ಟಿ ಎನಿಸಿದ ಮಾತನ್ನು ಮುಂದಿಟ್ಟಳು.

"ಆ ಎರಡು ಸಾಲು ಹಾಕಿ ತಿಂಗಳಾಗುತ್ತ ಬಂತು ಅಕ್ಕೋರೆ. ಒಂದೇ ಒಂದು ದೂರು ಬಂದಿದ್ದರೆ ಹೇಳಿ."

ಅಕ್ಕೋರು ಒಂದೇ ಮಾತು ಹೇಳಿದರು.

"ನಂಬಿ ಮುಂದಕ್ಕೆ ಹೋದವರು ದೂರು ಹೇಳೋಕೆ ಹಿಂದಕ್ಕೆ ಬರಬೇಕಲ್ಲ ತಂಗಿ."